ಕಡವಿನವರ ಮಗಳು ಹುಟ್ಟು ಹಿಡಿದದ್ದು

ನನಗೆ ಶಾಲು ಹೊದೆಸುವವರನ್ನು ಕಂಡರೆ ಆಗುವುದಿಲ್ಲ. ಬದುಕಿ ಬಂದದ್ದಕ್ಕೆ ಶಾಲು ಯಾಕೆ? ಆದರೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಯಾವ ಕಾರ್ಯಕ್ರಮ ಮಾಡಿದರೂ ಒಂದು ವೇದಿಕೆ, ಒಂದು ಸ್ವಾಗತ ಭಾಷಣ, ಹಣ್ಣಿನ ತಟ್ಟೆ, ಶಾಲು, ಸ್ಮರಣಿಕೆ ಇಷ್ಟು ಇರಲೇಬೇಕು. ಇಲ್ಲದಿದ್ದರೆ ಮಾಡಿದವರಿಗೂ ಸಮಾಧಾನವಿಲ್ಲ, ನೋಡಲು ಬಂದವರಿಗೂ ಇಲ್ಲ. ಕ್ಯಾನ್ಸರ್ ಸಂಶೋಧನೆಯ ನೆರವಿಗೆಂದು ಉಪ್ಪಿನಂಗಡಿಯ ಹೊಳೆಯಲ್ಲಿ ಕಯಾಕ್ ಬಿಟ್ಟ ದಿನವೂ ಹಾಗೆಯೇ ಆಯಿತು. ಆ ದಿನ ನಾನು ಕುರ್ಚಿಯಲ್ಲಿ ಕುಳಿತೆನೋ ದೋಣಿಯಲ್ಲಿ ಕುಳಿತೆನೋ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರ ಬಾಯಿಂದ ಆ ರೋಗದ ಹೆಸರು ಕೇಳಿ ಯಾರಾದರೂ ಈಗಷ್ಟೇ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಮನೆಗೆ ಹೋಗುತ್ತಿದ್ದರೆ ಅವರೂ ಓದಲಿ.

ನಾನು ಮೈಮೂನಾ. ಕುಂಬ್ರದಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ. ಗಂಡ ಹಮೀದ್ ಗಲ್ಫ್‌ನಿಂದ ವಾಪಸು ಬಂದ ಮೇಲೆ ಅದೇ ಕಟ್ಟಡದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಮನೆಯಲ್ಲಿ ನಾವು ಬ್ಯಾರಿ ಮಾತಾಡುವವರು. ಆ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದು ಬರೆದಿದ್ದೇನೆ. ದಿನವಿಡೀ ಬೇರೆ ಹೆಂಗಸರ ಅಳತೆ ತೆಗೆಯುವ ನನಗೆ ನನ್ನ ಮೈಯ ಅಳತೆ ಮರೆತೇ ಹೋಗಿತ್ತು. ಪೆರ್ನಾಲು ಹಬ್ಬಕ್ಕೆಂದು ನನಗೇ ಹೊಲಿದುಕೊಂಡ ಚೂಡಿದಾರದ ಫಿಟ್ಟಿಂಗ್ ನೋಡುವಾಗ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಇದ್ದೆ, ಬಲ ಎದೆಯ ಬದಿಯಲ್ಲಿ ಏನೋ ಕೈಗೆ ಸಿಕ್ಕಿತು. ಬಟ್ಟೆಯ ಒಳಗೆ ಗುಂಡಿಯೊಂದು ಬಿದ್ದು ಸಿಕ್ಕಿಕೊಂಡಿದೆ ಎಂದುಕೊಂಡೆ. ಬಟ್ಟೆ ಕೊಡವಿದೆ. ಗುಂಡಿ ಬಟ್ಟೆಯಲ್ಲಿರಲಿಲ್ಲ.

ಪುತ್ತೂರಿನ ಡಾಕ್ಟರು ಮಂಗಳೂರಿಗೆ ಬರೆದುಕೊಟ್ಟರು. ಅಲ್ಲಿಯವರು ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಫಲಿತಾಂಶ ಕೇಳಿಕೊಂಡು ಬಸ್ಸಿನಲ್ಲಿ ಬರುವಾಗ ಹಮೀದ್ ಪ್ರತಿ ನಿಲ್ದಾಣದಲ್ಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಚಾ ಬೇಕಾ?” ಬೇಡ ಎನ್ನುತ್ತಿದ್ದೆ. ಕಬಕ ದಾಟುವಾಗ ಮತ್ತೊಮ್ಮೆ ಕೇಳಿದರು. ನನಗೆ ಸಿಟ್ಟು ಬಂತು. “ನಿಮಗೆ ಚಾ ಬಿಟ್ರೆ ಬೇರೆ ಎಂತದೂ ಹೇಳ್ಲಿಕ್ಕೆ ಇಲ್ವಾ?” ಎಂದೆ. ಅವರು ಕಿಟಕಿಯ ಕಡೆ ತಿರುಗಿದರು. ಮನುಷ್ಯ ಅಳುತ್ತಿದ್ದಾರೆ ಎಂದು ಗೊತ್ತಾದದ್ದು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ. ಅಲ್ಲಿ ಇಬ್ಬರೂ ಚಾ ಕುಡಿದೆವು.

ಆಸ್ಪತ್ರೆಯಲ್ಲಿ ಕಾಯುವ ಕೋಣೆಯೆಂಬುದು ಒಂದು ಬೇರೆಯೇ ಊರು. ಗೋಡೆಯ ಟಿವಿಯಲ್ಲಿ ಯಾರೋ ಸದ್ದಿಲ್ಲದೆ ಅಡುಗೆ ಮಾಡುತ್ತಿರುತ್ತಾರೆ. ಎಲ್ಲರ ತೊಡೆಯ ಮೇಲೂ ಒಂದು ಫೈಲು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಆದರೆ ಎಲ್ಲರೂ ಎಲ್ಲರ ಫೈಲಿನ ದಪ್ಪವನ್ನು ನೋಡುತ್ತಾರೆ. ಅಲ್ಲಿ ಮೊದಲ ದಿನ ನನ್ನ ಪಕ್ಕದ ಕುರ್ಚಿಗೆ ಒಬ್ಬರು ಹೆಂಗಸು ಬಂದು ಕುಳಿತರು. ನನಗಿಂತ ಸ್ವಲ್ಪ ದೊಡ್ಡವರು, ಕೈಯಲ್ಲಿ ಮೂರು ಅಂತಸ್ತಿನ ಬುತ್ತಿ. ಕುಳಿತವರೇ ಬಸ್ಸಿನಲ್ಲಿ ಸೀಟು ಕೇಳುವ ಧ್ವನಿಯಲ್ಲಿ ಕೇಳಿದರು.

“ನಿಮ್ಮದು ಎಡವಾ, ಬಲವಾ?”

“ಬಲ,” ಎಂದೆ.

“ನಂದು ಎಡ. ಒಳ್ಳೇದಾಯ್ತು, ಇಬ್ರೂ ಸೇರಿದ್ರೆ ಒಂದು ಪೂರ್ತಿ ಆಗ್ತದೆ.”

ನನಗೆ ನಗು ತಡೆಯಲಾಗಲಿಲ್ಲ. ಆ ಕೋಣೆಯಲ್ಲಿ ಅದಕ್ಕೂ ಮೊದಲು ಯಾರಾದರೂ ನಕ್ಕಿದ್ದರೋ ಇಲ್ಲವೋ, ಎಲ್ಲರೂ ನಮ್ಮ ಕಡೆ ತಿರುಗಿದರು. ಹಾಗೆ ಸಿಕ್ಕಿದವರು ಪುಷ್ಪಕ್ಕ, ಸುಳ್ಯದವರು. ಅಂದಿನಿಂದ ನಾವಿಬ್ಬರೂ ಒಂದೇ ದಿನಕ್ಕೆ ಚಿಕಿತ್ಸೆ ಬರುವ ಹಾಗೆ ನರ್ಸಮ್ಮನ ಹತ್ತಿರ ಗೋಗರೆದು ಹೊಂದಿಸಿಕೊಳ್ಳುತ್ತಿದ್ದೆವು.

ಇನ್ನು ನನ್ನ ಉಪ್ಪನ ಬಗ್ಗೆ ಹೇಳಬೇಕು. ಉಪ್ಪ ಎಂದರೆ ನಮ್ಮಲ್ಲಿ ತಂದೆ. ಕಡಬದ ಕಡೆ ಕುಮಾರಧಾರೆಯ ದಡದಲ್ಲಿ ನಮ್ಮ ತವರು. ಸೇತುವೆ ಬರುವ ಮೊದಲು ಅಲ್ಲಿ ಕಡವು ಇತ್ತು, ಜನ ದೋಣಿಯಲ್ಲಿ ಹೊಳೆ ದಾಟುವ ಜಾಗ. ಆ ದೋಣಿ ಉಪ್ಪನದ್ದು. ಊರವರಿಗೆಲ್ಲ ಅವರು ಕಡವಿನ ಮಯ್ಯದ್ದಿ. ಬಿದಿರಿನ ಉದ್ದದ ಗಳ ಹಿಡಿದು, ದೋಣಿಯ ತುದಿಯಲ್ಲಿ ನೆಟ್ಟಗೆ ನಿಂತು ಅವರು ದಾಟಿಸುವುದನ್ನು ನೋಡುತ್ತಾ ನಾನು ಬೆಳೆದೆ. ನನಗೂ ಗಳ ಹಿಡಿಯಬೇಕೆಂದು ಆಸೆ. ಕೇಳಿದರೆ, “ಆ ಕೈ ಹೊಲಿಗೆಗೆ ಉಂಟು, ಹೊಳೆಗೆ ಅಲ್ಲ,” ಎನ್ನುತ್ತಿದ್ದರು.

ಕಡವಿಗೆ ಒಂದು ಕ್ರಮವಿತ್ತು. ಆಚೆ ದಡದಲ್ಲಿ ದಾಟಬೇಕಾದವರು ಬಂದರೆ ಅಂಗೈಗಳನ್ನು ಬಾಯಿಗೆ ಹಿಡಿದು ಉದ್ದಕ್ಕೆ ಒಂದು ಕೂ ಹಾಕುತ್ತಾರೆ. ದೋಣಿಯವರು ಅದಕ್ಕೆ ತಿರುಗಿ ಒಂದು ಕೂ ಹಾಕಬೇಕು. ಕೇಳಿದೆ, ಅಲ್ಲೇ ನಿಲ್ಲು, ಬರುತ್ತೇನೆ ಎಂದು ಅದರ ಅರ್ಥ. ಹಾಗೆ ಉತ್ತರ ಕೊಟ್ಟ ಮೇಲೆ ಊಟ ಅರ್ಧಕ್ಕೆ ಬಿಟ್ಟಾದರೂ ಹೋಗಲೇಬೇಕು. ಉಪ್ಪ ಎಷ್ಟೋ ಸಲ ಗಂಜಿಯ ಬಟ್ಟಲು ಹಾಗೇ ಇಟ್ಟು ಎದ್ದು ಹೋದದ್ದನ್ನು ನಾನು ಕಂಡಿದ್ದೇನೆ.

ಬಲ ಎದೆ ತೆಗೆಯುವ ಆಪರೇಷನ್ನಿನ ಮುಂಚಿನ ದಿನ ಒಬ್ಬರು ಹೊಸ ಡಾಕ್ಟರಮ್ಮ ನನ್ನ ಮಂಚದ ಬಳಿ ಬಂದರು. ಅವರು ಚಿಕಿತ್ಸೆ ಕೊಡುವವರಲ್ಲ, ಸಂಶೋಧನೆಯ ವಿಭಾಗದವರು. ತೆಗೆದ ಭಾಗವನ್ನು ಪರೀಕ್ಷೆ ಮಾಡಿದ ಮೇಲೆ ಅದರಲ್ಲಿ ಒಂದು ಸಣ್ಣ ಚೂರನ್ನು ನಾವು ಇಟ್ಟುಕೊಂಡು ಕಲಿಯಬಹುದಾ ಎಂದು ಕೇಳಿದರು. “ಬೇಡ ಅಂದ್ರೂ ನಿಮ್ಮ ಚಿಕಿತ್ಸೆಗೆ ಏನೂ ಕಡಿಮೆ ಆಗುದಿಲ್ಲ ಅಮ್ಮ, ಯೋಚನೆ ಮಾಡಿ ಹೇಳಿ,” ಎಂದರು.

ನಾನು ಹೆಚ್ಚು ಯೋಚಿಸಲಿಲ್ಲ. ಅಂಗಡಿಯಲ್ಲಿ ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ನಾನು ಬಿಸಾಡುವವಳಲ್ಲ. ಒಂದು ಗೋಣಿಯಲ್ಲಿ ತುಂಬಿಡುತ್ತೇನೆ. ಯಾರದ್ದೋ ರವಿಕೆಯ ಕಂಕುಳಿಗೆ, ಯಾರದ್ದೋ ಲಂಗದ ಅಂಚಿಗೆ ಅದು ಬೇಕಾಗುತ್ತದೆ. ಹಾಗಿರುವಾಗ ಇದನ್ನು ಯಾಕೆ ಬೇಡ ಎನ್ನಲಿ? ಆದರೆ ದೇಹದಿಂದ ಯಾವ ಭಾಗ ಬೇರೆಯಾದರೂ ಅದನ್ನು ಮಣ್ಣು ಮಾಡುವುದು ನಮ್ಮಲ್ಲಿ ಕ್ರಮ. ಹಮೀದ್ ನಮ್ಮ ಮಸೀದಿಯ ಉಸ್ತಾದರಿಗೆ ಫೋನು ಮಾಡಿದರು. ಇನ್ನೊಬ್ಬರ ಜೀವಕ್ಕೆ ಉಪಕಾರವಾಗುವುದಾದರೆ ಕೊಡಲಿ, ಉಳಿದದ್ದನ್ನು ಗೌರವದಿಂದ ಮಣ್ಣಿಗೆ ಕೊಡಿ ಎಂದು ಅವರು ಹೇಳಿದರಂತೆ. ನಾನು ಒಪ್ಪಿಗೆ ಕೊಟ್ಟೆ.

ಪರೀಕ್ಷೆಗಳೆಲ್ಲ ಮುಗಿದು, ಉಳಿದ ಭಾಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಆಸ್ಪತ್ರೆಯವರು ಕೊಟ್ಟ ದಿನ ಉಪ್ಪ ಬಂದಿದ್ದರು. ಅದನ್ನು ಮಣ್ಣು ಮಾಡುವುದು ತನ್ನ ಕೆಲಸ ಎಂದು ಅವರೇ ಹೇಳಿದ್ದರು. ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದರು.

“ಎಲ್ಲ ಕೊಟ್ರಾ?”

ಉಪ್ಪನಿಗೆ ಸುಳ್ಳು ಹೇಳಲು ನನ್ನಿಂದಾಗುವುದಿಲ್ಲ. “ಒಂದು ಚೂರು ಅಲ್ಲೇ ಉಂಟು ಉಪ್ಪ. ಒಬ್ರು ಡಾಕ್ಟರಮ್ಮನಿಗೆ ಕಲಿಯುದಕ್ಕೆ ಕೊಟ್ಟಿದ್ದೇನೆ.”

ಅವರು ಪೊಟ್ಟಣದ ಬಟ್ಟೆಯ ಅಂಚನ್ನು ಒಳಕ್ಕೆ ಮಡಿಸಿದರು. ಆಮೇಲೆ ಹೇಳಿದರು: “ನಾನು ನಮ್ಮ ಹೊಳೆಯಲ್ಲಿ ಎಷ್ಟೋ ಮಯ್ಯತ್ತು ದಾಟಿಸಿದ್ದೇನೆ. ನಮ್ಮವರ ಹೆಣವೂ, ಬೇರೆಯವರದ್ದೂ. ಯಾರನ್ನೂ ಅರ್ಧ ಈಚೆ ದಡದಲ್ಲಿ ಬಿಟ್ಟು ಹೋದದ್ದಿಲ್ಲ.”

ಅಷ್ಟೇ. ಪೊಟ್ಟಣ ತೆಗೆದುಕೊಂಡು ಹೋದರು. ಎಲ್ಲಿ ಮಣ್ಣು ಮಾಡಿದರೆಂದು ನನಗೆ ಹೇಳಲಿಲ್ಲ. ಅಂದಿನಿಂದ ಅವರು ನನ್ನ ಕಾಯಿಲೆಯ ಮಾತೆತ್ತಲಿಲ್ಲ. ಮನೆಗೆ ಬರುತ್ತಿದ್ದರು, ಎಳನೀರು ತರುತ್ತಿದ್ದರು, ಊಟ ಆಯಿತಾ ಎಂದು ಕೇಳುತ್ತಿದ್ದರು. ನಾನು ಕೀಮೋ ಎಂದರೆ ರಸ್ತೆಯ ಕಡೆ ನೋಡುತ್ತಿದ್ದರು. ರೋಗ ನನಗೆ ಕೊಟ್ಟ ನೋವಿನ ಲೆಕ್ಕದಲ್ಲಿ ಇದನ್ನೇ ನಾನು ಮೊದಲು ಹೇಳುವುದು. ಯಾರ ಕೂಗಿಗೂ ತಿರುಗಿ ಕೂ ಹಾಕುತ್ತಿದ್ದವರು ನನಗೆ ಮಾತ್ರ ಹಾಕಲಿಲ್ಲ.

ಕೀಮೋದ ತಿಂಗಳುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದನ್ನು ಪಡೆದವರಿಗೆ ಗೊತ್ತಿದೆ, ಪಡೆಯದವರಿಗೆ ಗೊತ್ತಾಗುವುದು ಬೇಡ. ಬಾಯಿಗೆ ಹಾಕಿದ್ದೆಲ್ಲ ಕಬ್ಬಿಣ ನೆಕ್ಕಿದ ರುಚಿ. ಒಳಗೆ ಇಳಿಯುತ್ತಿದ್ದದ್ದು ಗಂಜಿ ಮತ್ತು ಪುಷ್ಪಕ್ಕ ಬುತ್ತಿಯಲ್ಲಿ ತರುತ್ತಿದ್ದ ಉಪ್ಪುನೀರಿನ ಮಾವಿನಕಾಯಿ. ಇಬ್ಬರ ಕೂದಲೂ ಉದುರಿತು. “ನಿನಗೆ ಆರಾಮ ಮಾರಾಯ್ತಿ, ತಲೆಗೆ ಶಾಲು ಹೇಗೂ ಉಂಟು,” ಎಂದು ಪುಷ್ಪಕ್ಕ ಗೊಣಗಿದರು. ಅಷ್ಟರಲ್ಲಿ ನಾವು ನೀನು ಎನ್ನುವಷ್ಟು ಹತ್ತಿರವಾಗಿದ್ದೆವು. ನೀನು ಎನ್ನುತ್ತಿದ್ದದ್ದು ಅವರು ಮಾತ್ರ, ನಾನಲ್ಲ. ನಾನು ಅವರ ಸೀರೆಯ ರವಿಕೆಕಣದಲ್ಲೇ ಒಂದು ಟೋಪಿ ಹೊಲಿದು, ಅಂಚಿಗೆ ಜರಿ ಕೊಟ್ಟೆ. ಅದನ್ನು ಹಾಕಿಕೊಂಡು ಅವರು ಒಂದು ಮದುವೆಗೆ ಹೋದರೆ ಇಬ್ಬರು ಹುಡುಗಿಯರು ಬಂದು, ಆಂಟಿ ಇದು ಎಲ್ಲಿ ಸಿಗ್ತದೆ ಎಂದು ಕೇಳಿದರಂತೆ. ಆ ಸುದ್ದಿ ಹೇಳುವಾಗ ಪುಷ್ಪಕ್ಕನ ಮುಖದಲ್ಲಿದ್ದ ಜಂಬವನ್ನು ನೀವು ನೋಡಬೇಕಿತ್ತು.

ನೋಡಲು ಬರುವ ನೆಂಟರದ್ದು ಇನ್ನೊಂದು ಕಾಟ. ಕೈಯಲ್ಲಿ ಬ್ರೆಡ್ಡು, ದಾಳಿಂಬೆ. ಬಾಯಲ್ಲಿ ಸತ್ತವರ ಕಥೆ. “ನಮ್ಮ ಮಾವನ ಮಗಳಿಗೂ ಇದೇ, ಪಾಪ, ಎಷ್ಟು ಒಳ್ಳೆಯವಳು.” ಒಂದು ದಿನ ನನ್ನ ತಾಳ್ಮೆ ತಪ್ಪಿತು. “ದಾಳಿಂಬೆ ಒಳಗೆ ತನ್ನಿ, ಸತ್ತವರನ್ನು ಹೊರಗೆ ಚಪ್ಪಲಿ ಹತ್ರ ಬಿಟ್ಟು ಬನ್ನಿ,” ಎಂದೆ. ಕೆಲವರು ಮತ್ತೆ ಬರಲಿಲ್ಲ. ಅದೂ ಒಂದು ಉಪಕಾರವೇ.

ಎಲ್ಲ ಮುಗಿದು ಅಂಗಡಿಗೆ ಮರಳಿದ ಮೇಲೆ ಇನ್ನೊಂದು ತೊಂದರೆ ಎದುರಾಯಿತು. ಬಲಗೈ ಬಾತುಕೊಳ್ಳತೊಡಗಿತು. ನನ್ನದೇ ಕುಪ್ಪಸದ ಬಲ ತೋಳು ಬಿಗಿ, ಎಡ ತೋಳು ಸಡಿಲ. ಎದೆಯ ಜೊತೆ ಕಂಕುಳಿನ ಗ್ರಂಥಿಗಳನ್ನೂ ತೆಗೆದವರಿಗೆ ಹೀಗಾಗುವುದುಂಟು ಎಂದರು. ಹಾಕಿಕೊಳ್ಳಲು ಬಿಗಿಯಾದ ಒಂದು ತೋಳುಚೀಲ ಕೊಟ್ಟರು. ನೆರೆಕರೆಯವರೆಲ್ಲ ಸೇರಿ, ಆ ಕೈಯಲ್ಲಿ ಏನೂ ಎತ್ತಬೇಡ ಎಂದು ತೀರ್ಮಾನಿಸಿದರು. ಹಮೀದ್ ನನಗೆ ನೀರಿನ ಚೊಂಬನ್ನೂ ಎತ್ತಲು ಬಿಡುತ್ತಿರಲಿಲ್ಲ. ಡಾಕ್ಟರು ಹೇಳಿದ್ದು ಬೇರೆ: ಕೈಗೆ ಕೆಲಸ ಬೇಕು, ನಿಧಾನವಾಗಿ, ಹದವಾಗಿ. ಆದರೆ ಡಾಕ್ಟರು ಮಂಗಳೂರಿನಲ್ಲಿ, ನೆರೆಕರೆಯವರು ಪಕ್ಕದಲ್ಲಿ. ಗೆದ್ದದ್ದು ಯಾರೆಂದು ಹೇಳಬೇಕಾಗಿಲ್ಲ. ಹೊಲಿಗೆ ಯಂತ್ರದ ಮುಂದೆ ನಾನು ಸುಮ್ಮನೆ ಕುಳಿತಿರುತ್ತಿದ್ದೆ.

ಆಗ ಶ್ರುತಿ ಟೀಚರ್ ಅಂಗಡಿಗೆ ಬಂದರು. ಪುತ್ತೂರಿನ ಒಂದು ಕಾಲೇಜಿನಲ್ಲಿ ಆಟದ ಟೀಚರ್, ನನ್ನ ಹಳೆಯ ಗಿರಾಕಿ. ಮಳೆ ಬಿಟ್ಟು, ಕೆಳಗಿನ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ ಮೇಲೆ ಉಪ್ಪಿನಂಗಡಿಯಲ್ಲಿ ಹೊಳೆ ಕೆರೆಯಷ್ಟು ಶಾಂತವಾಗಿರುತ್ತದೆ. ಅಲ್ಲಿ ಭಾನುವಾರಗಳಲ್ಲಿ ಅವರು ಊರವರಿಗೆ ಕಯಾಕ್ ಕಲಿಸುತ್ತಿದ್ದರು. ಕಯಾಕ್ ಎಂದರೆ ಸಪೂರದ ಪ್ಲಾಸ್ಟಿಕ್ ದೋಣಿ. ಒಬ್ಬರ ಹಿಂದೆ ಒಬ್ಬರು ಕಾಲು ಚಾಚಿ ಕುಳಿತು, ಎರಡೂ ತುದಿಯಲ್ಲಿ ಹಲಗೆಯಿರುವ ಹುಟ್ಟು ಹಾಕಬೇಕು.

“ಮೈಮೂನಕ್ಕ, ದೋಣಿಗಳಿಗೆ ಕಟ್ಲಿಕ್ಕೆ ಬಾವುಟ ಹೊಲಿದು ಕೊಡ್ತೀರಾ? ಕ್ಯಾನ್ಸರ್ ಸಂಶೋಧನೆಗೆ ಬೆಂಬಲ ಅಂತ ಒಂದು ದೊಡ್ಡ ಕಾರ್ಯಕ್ರಮ ಮಾಡ್ತಾ ಇದ್ದೇವೆ,” ಎಂದರು.

“ಯಾರ ಸಂಶೋಧನೆಗೆ?”

ಅವರು ಆಸ್ಪತ್ರೆಯ ಹೆಸರು ಹೇಳಿದರು. ನನ್ನ ಚೂರು ಇರುವ ಅದೇ ಆಸ್ಪತ್ರೆ. ನಾನು ಬಟ್ಟೆಯ ಅಳತೆ ಬರೆದುಕೊಳ್ಳುವುದನ್ನು ನಿಲ್ಲಿಸಿದೆ.

“ಬಾವುಟ ಹೊಲಿಯುವೆ. ಒಂದು ದೋಣಿ ನನಗೂ ಬೇಕು.”

ಡಾಕ್ಟರನ್ನು ಕೇಳಿದೆ. ತೋಳುಚೀಲ ಹಾಕಿಕೊಂಡು ನಿಧಾನ ಕಲಿಯಿರಿ, ನೋವಾದರೆ ನಿಲ್ಲಿಸಿ ಎಂದರು. ಮನೆಯಲ್ಲಿ ಹಮೀದ್, “ಚೊಂಬು ಎತ್ತಬಾರದವಳು ದೋಣಿ ಎಳೀತಾಳಂತೆ,” ಎಂದು ಎರಡು ದಿನ ಮುಖ ಊದಿಸಿಕೊಂಡರು. ಪುಷ್ಪಕ್ಕನನ್ನು ಕರೆದರೆ ಅವರ ಪಂಚಪ್ರಾಣವೇ ಹಾರಿತು. “ನಮ್ಮ ಪಯಸ್ವಿನಿ ಹೊಳೆಯಲ್ಲಿ ಮೊಣಕಾಲಿಗಿಂತ ಮೇಲೆ ನೀರು ಕಂಡವಳಲ್ಲ ನಾನು. ಇಷ್ಟೆಲ್ಲ ಮಾಡಿ ಬದುಕಿದ್ದು ಉಪ್ಪಿನಂಗಡಿಯಲ್ಲಿ ಮುಳುಗುದಕ್ಕಾ?” ಎಂದರು. ಆದರೂ ಭಾನುವಾರ ಬೆಳಿಗ್ಗೆ ಸುಳ್ಯದ ಬಸ್ಸಿನಿಂದ ಇಳಿದರು. ಬುತ್ತಿಯೂ ಇತ್ತು.

ಮೊದಲ ದಿನ ನಾನು ಮಾಡಿದ ತಪ್ಪನ್ನು ಕಡವಿನವರ ಮನೆಯಲ್ಲಿ ಹುಟ್ಟಿದವರು ಮಾತ್ರ ಮಾಡಲು ಸಾಧ್ಯ. ಕಯಾಕಿನ ಹಿಂದಿನ ಸೀಟಿನಲ್ಲಿ ನಾನು, ಮುಂದೆ ಪುಷ್ಪಕ್ಕ. ದಡದಿಂದ ದೋಣಿ ತಳ್ಳಬೇಕಿತ್ತು. ನನ್ನ ಕೈಗೆ ಹುಟ್ಟು ಸಿಕ್ಕಿದ್ದೇ ಸಿಕ್ಕಿದ್ದು, ಉಪ್ಪ ನಿಲ್ಲುತ್ತಿದ್ದ ಹಾಗೆ ಎದ್ದು ನೆಟ್ಟಗೆ ನಿಂತುಬಿಟ್ಟೆ. ದೋಣಿ ನಡೆಸುವವರು ಕೂತದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದೇ ಇಲ್ಲ! “ಕೂತ್ಕೊಳ್ಳಿ ಮೈಮೂನಕ್ಕಾ” ಎಂದು ಶ್ರುತಿ ಟೀಚರ್ ಕೂಗುವುದರೊಳಗೆ ಕಯಾಕ್ ಮಗುಚಿತು. ಇಬ್ಬರೂ ಸೊಂಟದವರೆಗಿನ ನೀರಿನಲ್ಲಿ ಬಿದ್ದೆವು. ಪುಷ್ಪಕ್ಕ ತೇಲುಜಾಕೆಟ್ಟನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಎದ್ದು ನಿಂತರು. ಬೈಯುತ್ತಾರೆ ಎಂದು ಕಾದೆ. “ಇಷ್ಟೇನಾ ಮುಳುಗುದು ಅಂದ್ರೆ? ಮತ್ತೆ ಹತ್ತುವ,” ಎಂದರು.

ವಾರ ವಾರ ಹೋದೆವು. ಬಲಗೈ ಮೊದಮೊದಲು ಬೇಗ ಸೋಲುತ್ತಿತ್ತು. ನನ್ನ ಬಲ, ಪುಷ್ಪಕ್ಕನ ಎಡ. ಆದ್ದರಿಂದ ಸುಸ್ತಾದಾಗ ನಾನು ಎಡಗಡೆ ಮಾತ್ರ ಎಳೆಯುವುದು, ಅವರು ಬಲಗಡೆ ಮಾತ್ರ ಎಳೆಯುವುದು ಎಂದು ಒಪ್ಪಂದ ಮಾಡಿಕೊಂಡೆವು. ದೋಣಿ ನೇರವಾಗಿಯೇ ಹೋಗುತ್ತಿತ್ತು. ಕೈ ಮೊದಲಿನಂತಾಗಲಿಲ್ಲ, ಆಗುವುದೂ ಇಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಆದರೆ ಹೊಲಿಗೆ ಯಂತ್ರದ ಮುಂದೆ ಕೂತರೆ ಈಗ ಅದು ನನ್ನ ಕೈಯ ಹಾಗಿತ್ತು. ಒಂದು ದಿನ ಹಮೀದ್ ಏನೂ ಹೇಳದೆ ನನ್ನ ಪಕ್ಕದಲ್ಲಿ ತುಂಬಿದ ನೀರಿನ ಚೊಂಬನ್ನು ಇಟ್ಟು ಹೋದರು. ನಾನು ಎತ್ತಿ ಕುಡಿದೆ. ಅವರು ಬಾಗಿಲ ಸಂದಿಯಿಂದ ನೋಡುತ್ತಿದ್ದರು.

ಕಾರ್ಯಕ್ರಮ ಹತ್ತಿರ ಬಂದಾಗ ಪುಷ್ಪಕ್ಕನಿಗೆ ನಮ್ಮ ಕಡವು ನೋಡಬೇಕೆನಿಸಿತು. ಇಬ್ಬರೂ ತವರಿಗೆ ಹೋದೆವು. ಉಪ್ಪ ಈಗ ನನ್ನ ತಮ್ಮನ ಸಂಸಾರದ ಜೊತೆ ಇದ್ದಾರೆ. ಹಳೆಯ ಗಳ ಇನ್ನೂ ಮಾಡಿನ ಕೆಳಗೆ ತೂಗುತ್ತಿದೆ. ನಾನು ಮುಂಚೆಯೇ ಪುಷ್ಪಕ್ಕನಿಗೆ ಎಲ್ಲ ಹೇಳಿದ್ದೆ. ನೀವು ಆ ವಿಷಯ ತೆಗೆಯಬೇಡಿ ಎಂದೂ ಹೇಳಿದ್ದೆ. ಅವರು ಹೂಂ ಎಂದಿದ್ದರು. ಅವರ ಹೂಂ ನಂಬಿದ್ದು ನನ್ನ ಬುದ್ಧಿ.

ಹೊಳೆಯ ಬದಿಯ ಕಲ್ಲಿನ ಮೇಲೆ ಕುಳಿತು ಅವರು ಉಪ್ಪನನ್ನು ಕೇಳಿದರು: “ಕಾಕ, ಆಚೆಯಿಂದ ಕೂ ಹಾಕಿದ್ದು ಯಾರು ಅಂತ ನಿಮಗೆ ಗೊತ್ತಾಗ್ತಿತ್ತಾ?”

“ಕೆಲವರದ್ದು ಗೊತ್ತಾಗುದು. ಎಲ್ಲರದ್ದು ಎಲ್ಲಿ? ಮಳೆಗಾಲದಲ್ಲಿ ಹೊಳೆಯದ್ದೇ ಗದ್ದಲ.”

“ಗೊತ್ತಾಗದಿದ್ರೆ?”

“ಗೊತ್ತಾಗದಿದ್ರೂ ಹೋಗುದೇ. ಕೂ ಹಾಕಿದ ಮೇಲೆ ಯಾರು ಅಂತ ನೋಡ್ಲಿಕ್ಕೆ ಉಂಟಾ?”

ಪುಷ್ಪಕ್ಕ ಅವರ ಕಡೆಗೆ ತಿರುಗಿ ಕುಳಿತರು. “ನನಗೆ ಇಬ್ರು ಹೆಣ್ಣುಮಕ್ಕಳು ಕಾಕ. ಅವರ ಬಗ್ಗೆಯೂ ಜಾಗ್ರತೆ ಇರ್ಲಿ ಅಂತ ಡಾಕ್ಟ್ರು ಒಂದು ಮಾತು ಹೇಳಿದ್ದಾರೆ. ನಾಳೆ ಅವರು ಆಚೆ ದಡದಲ್ಲಿ ನಿಂತು ಕೂ ಹಾಕಿದ್ರೆ ಒಂದು ದೋಣಿ ಬೇಕಲ್ಲ? ಮೈಮೂನ ಕೊಟ್ಟ ಚೂರು ಆ ದೋಣಿಯದ್ದು ಒಂದು ಹಲಗೆ ಅಂತ ನಾನು ತಿಳ್ಕೊಂಡಿದ್ದೇನೆ. ನಾನೂ ಕೊಟ್ಟಿದ್ದೇನೆ.”

ನನಗೆ ನಿಂತಲ್ಲೇ ನೆಲ ಸೀಳಬಾರದೇ ಅನಿಸಿತು. ಉಪ್ಪ ಎದ್ದು ಹಿತ್ತಲಿಗೆ ಹೋಗಿ ಒಂದು ಬಾಳೆಗೊನೆಯಿಂದ ಎರಡು ಚಿಪ್ಪು ಕೊಯ್ದು ತಂದು ಪುಷ್ಪಕ್ಕನ ಕೈಗೆ ಕೊಟ್ಟರು. “ಬಸ್ಸು ತಪ್ಪಿಸ್ಬೇಡಿ,” ಎಂದು ಹೇಳಿ ನಮಾಜಿಗೆ ಹೋದರು. ಹೊರಡುವಾಗ ನಾನು ಕಾರ್ಯಕ್ರಮದ ದಿನವನ್ನು ತಮ್ಮನಿಗೆ ಹೇಳಿದೆ, ಉಪ್ಪನಿಗೆ ಕೇಳುವ ಹಾಗೆ.

ಆ ದಿನ ಬಂತು. ಕುಮಾರಧಾರೆ ಇನ್ನೊಂದು ಹೊಳೆಗೆ ಸೇರುವಲ್ಲಿ ಮರಳಿನ ಮೇಲೆ ಪೆಂಡಾಲು ಹಾಕಿದ್ದರು. ನೀರಿನ ಅಂಚಿನಲ್ಲಿ ಬಣ್ಣಬಣ್ಣದ ಕಯಾಕುಗಳು, ಎಲ್ಲದರ ಮೇಲೂ ನಾನು ಹೊಲಿದ ಬಾವುಟ. ಕಾಲೇಜು ಮಕ್ಕಳು, ಡಾಕ್ಟರುಗಳು, ಅವರ ನಡುವೆ ನನ್ನ ಚೂರು ಕೇಳಿದ್ದ ಡಾಕ್ಟರಮ್ಮ, ರಿಕ್ಷಾದವರು, ನನ್ನ ಗಿರಾಕಿಗಳು, ಪುತ್ತೂರಿನಿಂದ ಸುಳ್ಯದವರೆಗಿನ ಜನ. ಇಷ್ಟೊಂದು ಮಂದಿ ಈ ರೋಗದ ಹೆಸರನ್ನು ಮೈಕಿನಲ್ಲಿ ಗಟ್ಟಿಯಾಗಿ ಹೇಳುವುದನ್ನು ನಾನು ಮೊದಲ ಬಾರಿಗೆ ಕೇಳಿದೆ. ನನ್ನ ಎ‍ದೆ ತುಂಬಿ ಬಂತು, ಅದನ್ನು ಮುಚ್ಚಿಡುವುದೇನಿದೆ. ಆದರೆ ವೇದಿಕೆಯ ಮೇಲೆ ಬಿಳಿ ಬಟ್ಟೆ ಹೊದೆಸಿದ ಕುರ್ಚಿಗಳ ಸಾಲು ಕಂಡಾಗಲೇ ನನಗೆ ಅನುಮಾನ ಬಂದಿತ್ತು. ಸಮಿತಿಯ ಅಧ್ಯಕ್ಷರು ಕೈ ಮುಗಿದು ಬಂದರು.

“ಅಮ್ಮ, ನೀವಿಬ್ರು ಮೇಲೆ ಕೂತ್ಕೊಳ್ಳಿ. ನಿಮಗೆ ಸನ್ಮಾನ ಉಂಟು. ದೋಣಿಯಲ್ಲಿ ಮಕ್ಕಳು ಹೋಗ್ತಾರೆ.”

“ನಾವು ಕಲಿತು ಬಂದಿದ್ದೇವೆ ಸರ್.”

“ಅಯ್ಯೋ, ನಿಮಗೆ ಎಂತಾದ್ರೂ ಆದ್ರೆ ನಾವು ಯಾರಿಗೆ ಉತ್ತರ ಕೊಡುದು? ನೀವು ಕೂತ್ರೆ ಸಾಕು, ನಮಗೆ ಅದೇ ಹೆಮ್ಮೆ.”

ಒಳ್ಳೆಯ ಮನುಷ್ಯ. ಕೆಟ್ಟ ಮಾತು ಒಂದೂ ಆಡಲಿಲ್ಲ. ಅಷ್ಟರಲ್ಲಿ ಯಾರೋ ಹಿಂದಿನಿಂದ ಬಂದು ನನ್ನ ಹೆಗಲಿಗೆ ಶಾಲು ಹೊದೆಸಿಯೇ ಬಿಟ್ಟರು. ಕೈಗೆ ಸೇಬುಗಳ ತಟ್ಟೆ ಬಂತು. ಫೋಟೊದವರು ಇತ್ತ ನೋಡಿ ಎಂದರು. ಇನ್ನೊಂದು ನಿಮಿಷ ಸುಮ್ಮನಿದ್ದರೆ ನಾನು ಆ ಕುರ್ಚಿಯಲ್ಲಿ ಕುಳಿತುಬಿಡುತ್ತಿದ್ದೆ, ಬಹುಶಃ ಉಳಿದ ಆಯುಸ್ಸಿಗೂ. ನಾನು ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿ, ತಟ್ಟೆಯನ್ನು ಅಧ್ಯಕ್ಷರ ಕೈಗೇ ಕೊಟ್ಟೆ.

“ಸರ್, ಕೂತು ಕೂತು ನನಗೆ ಸಾಕಾಗಿದೆ. ಆಸ್ಪತ್ರೆಯಲ್ಲಿ ಕೂತೆ, ಮನೆಯಲ್ಲಿ ಕೂತೆ. ಇವತ್ತು ನೀವು ಕೂತ್ಕೊಳ್ಳಿ, ನಾವು ಹೋಗಿ ಬರ್ತೇವೆ.”

ಅವರು ಸಹಾಯಕ್ಕೆಂದು ಹಮೀದ್ ಕಡೆ ನೋಡಿದರು. ಗಂಡನಾದರೂ ತಡೆಯುತ್ತಾರೆ ಎಂದುಕೊಂಡಿರಬೇಕು. ಹಮೀದ್ ನನ್ನ ಹತ್ತಿರ ಬಂದು, ಸುಕ್ಕುಗಟ್ಟಿದ್ದ ತೋಳುಚೀಲವನ್ನು ಮಣಿಗಂಟಿನಿಂದ ಮೇಲಿನವರೆಗೆ ಎಳೆದು ಸರಿಮಾಡಿದರು. “ನೋವಾದ್ರೆ ನಿಲ್ಸು,” ಎಂದರು. ಆಮೇಲೆ ಮೆಲ್ಲಗೆ, “ಬರುವಾಗ ಚಾ ತೆಗ್ದಿಡ್ತೇನೆ.”

ನಾವು ಹೊರಟೆವು. ಕುಮಾರಧಾರೆಯಲ್ಲಿ ಸ್ವಲ್ಪ ಮೇಲಕ್ಕೆ ಹೋಗಿ, ಆಚೆ ದಡದಲ್ಲಿ ನೆಟ್ಟ ಬಾವುಟ ಮುಟ್ಟಿ ಬರಬೇಕು. ಶ್ರುತಿ ಟೀಚರ್ ತಮ್ಮ ದೋಣಿಯಲ್ಲಿ ಪಕ್ಕದಲ್ಲೇ ಇದ್ದರು. ಅರ್ಧದವರೆಗೆ ಚೆನ್ನಾಗಿ ಹೋದೆವು. ಅಲ್ಲಿ ಎದುರು ಗಾಳಿ ಬೀಸಿತು. ನನ್ನ ಬಲಗೈ ಭಾರವಾಯಿತು. ಕಾಲೇಜು ಮಕ್ಕಳ ದೋಣಿಗಳೆಲ್ಲ ಮುಂದೆ ಹೋಗಿ, ತಿರುಗಿ ವಾಪಸು ಬರುತ್ತಿದ್ದವು. “ಸಾಕಾ ಮೈಮೂನಕ್ಕ? ಇಲ್ಲಿಂದಲೇ ತಿರುಗುವನಾ?” ಎಂದು ಶ್ರುತಿ ಟೀಚರ್ ಕೇಳಿದರು. ನನಗೆ ಸಾಕು ಎಂದೇ ಅನಿಸಿತ್ತು. ಬಾಯಿ ತೆರೆದಿದ್ದೆ.

ಆಗ ಆಚೆ ದಡದಿಂದ ಒಂದು ಕೂ ಬಂತು.

ಉದ್ದದ, ಕೊನೆಯಲ್ಲಿ ಸ್ವಲ್ಪ ಮೇಲೇರುವ ಕೂ. ವಯಸ್ಸಾಗಿ ಸ್ವರ ಸೀಳಿತ್ತು, ಆದರೆ ಅದನ್ನು ಗುರುತಿಸದಿರಲು ನನಗೆ ಸಾಧ್ಯವೇ? ಬಾವುಟದ ಪಕ್ಕದಲ್ಲಿ ಬಿಳಿ ಲುಂಗಿ, ತಲೆಗೆ ಸುತ್ತಿದ ಬೈರಾಸು. ಬಾಯಿಗೆ ಹಿಡಿದ ಅಂಗೈಗಳು ಹಾಗೆಯೇ ಇದ್ದವು. ಉಪ್ಪ ಕೂಗಿದ್ದು ದೋಣಿಯವರಾಗಿ ಅಲ್ಲ, ದಾಟಬೇಕಾದವರಾಗಿ. ದೋಣಿಯಲ್ಲಿದ್ದವಳು ನಾನು. ಉತ್ತರ ಕೊಡಬೇಕಾದವಳೂ ನಾನೇ.

ಹುಟ್ಟನ್ನು ತೊಡೆಯ ಮೇಲಿಟ್ಟು, ಬಾಯಿಗೆ ಕೈ ಹಿಡಿದು ನಾನು ತಿರುಗಿ ಕೂ ಹಾಕಿದೆ. ಜೀವಮಾನದಲ್ಲಿ ಮೊದಲ ಸಲ. ಅಳುವೂ ಅದರಲ್ಲೇ ಬಂತು. ಪುಷ್ಪಕ್ಕ ಹಿಂದೆ ತಿರುಗಲಿಲ್ಲ. “ಎಡ ನಿಂದು, ಬಲ ನಂದು. ಎಳಿ ಮಾರಾಯ್ತಿ,” ಎಂದರು. ಉತ್ತರ ಕೊಟ್ಟ ಮೇಲೆ ಹೋಗದೆ ಇರುವ ಹಾಗಿಲ್ಲ. ಎಳೆದೆವು.

ದಡ ಮುಟ್ಟಿದಾಗ ಉಪ್ಪ ನೀರಿಗಿಳಿದು ದೋಣಿಯ ಮೂತಿ ಹಿಡಿದರು. ನನ್ನ ಮುಖ ನೋಡಿದರು, ತೋಳುಚೀಲ ನೋಡಿದರು.

“ಆ ಡಾಕ್ಟರಮ್ಮ ಬಂದಿದ್ದಾರಾ? ನಿನ್ನ ಚೂರು ಇಟ್ಕೊಂಡವರು?”

“ಪೆಂಡಾಲಿನಲ್ಲಿ ಇದ್ದಾರೆ ಉಪ್ಪ.”

“ನನ್ನನ್ನು ಅಲ್ಲಿಗೆ ದಾಟಿಸು.”

ಪುಷ್ಪಕ್ಕ ಆಗಲೇ ಇಳಿದಾಗಿತ್ತು. ತೇಲುಜಾಕೆಟ್ಟು ಬಿಚ್ಚಿ ಉಪ್ಪನಿಗೆ ತೊಡಿಸಿ, ತಾವು ಶ್ರುತಿ ಟೀಚರ ದೋಣಿಯಲ್ಲಿದ್ದ ಇನ್ನೊಂದನ್ನು ಹಾಕಿಕೊಂಡು ಆ ದೋಣಿಗೇ ಹತ್ತಿದರು. ಉಪ್ಪ ನನ್ನ ಮುಂದಿನ ಸೀಟಿನಲ್ಲಿ ಕುಳಿತು ಹುಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. “ಬಲಗಡೆ ನಾನು ನೋಡ್ಕೊಳ್ತೇನೆ,” ಎಂದರು. ಸ್ವಲ್ಪ ದೂರ ಹೋದ ಮೇಲೆ ಅವರ ಬೆನ್ನು ನೆಟ್ಟಗಾಯಿತು, ಕಾಲು ಮಡಿಸಿಕೊಂಡರು. ನನಗೆ ತಕ್ಷಣ ಗೊತ್ತಾಯಿತು.

“ಉಪ್ಪ, ಏಳ್ಬೇಡಿ! ಇದರಲ್ಲಿ ನಿಲ್ಲುವ ಕ್ರಮ ಇಲ್ಲ!”

“ಇದೆಂತ ದೋಣಿ, ಕೂತು ನಡೆಸುದು,” ಎಂದು ಗೊಣಗಿ ಮತ್ತೆ ಕಾಲು ಚಾಚಿದರು. ನಾನು ನಗುತ್ತಾ ಹುಟ್ಟು ಹಾಕಿದೆ. ಆ ನಗು ದಡದವರೆಗೂ ಕೇಳಿಸಿತೆಂದು ಹಮೀದ್ ಹೇಳುತ್ತಾರೆ.

ಇಳಿಯುವಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ಉಪ್ಪನ ಬಟ್ಟೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು, ಗಾಳಿಗೆ ಅವರು ಸಣ್ಣಗೆ ನಡುಗುತ್ತಿದ್ದರು. ಕುರ್ಚಿಯ ಮೇಲಿದ್ದ ನನ್ನ ಶಾಲನ್ನು ತಂದು ಅವರ ಹೆಗಲಿಗೆ ಹೊದೆಸಿದೆ. ಸಂಶೋಧನೆಯ ಡಾಕ್ಟರಮ್ಮ ಎದ್ದು ಬಂದರು. ಉಪ್ಪ ಅವರ ಮುಂದೆ ನಿಂತು, ಶಾಲಿನ ಎರಡೂ ತುದಿ ಹಿಡಿದುಕೊಂಡು ಹೇಳಿದರು:

“ನಾನು ಕಡವಿನ ಮಯ್ಯದ್ದಿ, ಇವಳ ಅಪ್ಪ. ನನ್ನ ಮಗಳದ್ದು ಒಂದು ಚೂರು ನಿಮ್ಮ ಹತ್ರ ಉಂಟಲ್ಲ. ಎಲ್ಲರೂ ದಾಟಿ ಆಗುವವರೆಗೆ ಇಟ್ಕೊಳ್ಳಿ.”